45 ಎಚ್‌ಪಿ ಟ್ರ್ಯಾಕ್ಟರಿಗೆ ಬೊಡ್ಡಿ ಕೆತ್ತುವ ಯಂತ್ರ: ಯಾವುದು ಹೊಂದುತ್ತದೆ, ಹೇಗೆ ನಡೆಸಬೇಕು?

ಪ್ರಶ್ನೆ: ನಮ್ಮದು ಕಲಬುರಗಿ ಜಿಲ್ಲೆ ಆಳಂದ ತಾಲ್ಲೂಕು. 14 ಎಕರೆ ಎರೆ ಹೊಲ, ತೊಗರಿ, ಕಡಲೆ ಬೆಳೆಯುತ್ತೇವೆ. ಒಡ್ಡಿನ ಮೇಲೆ ಮತ್ತು ಬಾವಿ ಹತ್ತಿರ ಕಡಿಸಿದ ಕರಿಜಾಲಿ, ಬಳ್ಳಾರಿ ಜಾಲಿ, ಬೇವು, ನಾಲ್ಕೈದು ಹುಣಸೆ ಎಲ್ಲ ಸೇರಿ 70 ಬೊಡ್ಡಿ ಉಳಿದಿವೆ. ಜೆಸಿಬಿಯಿಂದ ಎರಡು ಕೀಳಿಸಿ ನೋಡಿದೆವು. ಹೊಂಡ ದೊಡ್ಡದಾಗಿ ಕೆಳಗಿನ ಗರಸೆಲ್ಲ ಮೇಲೆ ಬಂತು. ಬಾವಿ ಕಡೆ ಪೈಪ್‌ಲೈನ್ ಇದೆ, ಅಲ್ಲಿ ಜೆಸಿಬಿ ಹಚ್ಚಲು ಧೈರ್ಯವಿಲ್ಲ. ನಮ್ಮ 45 ಎಚ್‌ಪಿ ಟ್ರ್ಯಾಕ್ಟರಿಗೆ ಸ್ಟಂಪ್ ಗ್ರೈಂಡರ್ ಹಾಕಬಹುದೇ? ಹಿಂದೆ ಟ್ರಾಲಿ ಎತ್ತುವ ಒಂದು ಪೈಪಿನ ಪೋರ್ಟ್ ಮಾತ್ರ ಇದೆ. ಯಾವುದು ತೆಗೆದುಕೊಳ್ಳಬೇಕು, ಹೇಗೆ ನಡೆಸಬೇಕು, ನಮ್ಮ ಕಡೆಯ ಕಲ್ಲಿಗೆ ಹಲ್ಲು ತಡೆಯುತ್ತವೆಯೇ? ಬಾಡಿಗೆಗೂ ಓಡಿಸೋಣ ಎನ್ನುತ್ತಾನೆ ಮಗ.

ಉತ್ತರ: ಹಾಕಬಹುದು. ಆದರೆ ಸ್ವಂತ 70 ಬೊಡ್ಡಿಗಾಗಿಯೇ ಆದರೆ ಕೊಳ್ಳಬೇಡಿ. ಸುತ್ತಲಿನ ಮಣ್ಣು ಬಿಡಿಸುವ ಕೆಲಸವೂ ಸೇರಿ ಒಂದೂವರೆ ಅಡಿ ಅಡ್ಡಳತೆಯ ಬೊಡ್ಡಿಗೆ ಅರ್ಧದಿಂದ ಮುಕ್ಕಾಲು ಗಂಟೆ ಹಿಡಿದರೂ ನಿಮ್ಮದು ಒಂದು ವಾರದ ಕೆಲಸ. ಆಮೇಲೆ ಯಂತ್ರ ಕೊಟ್ಟಿಗೆಯಲ್ಲಿ ತುಕ್ಕು ಹಿಡಿಯುತ್ತದೆ. ಬಾಡಿಗೆ ಸಿಗುವ ಖಾತ್ರಿಯಿದ್ದರೆ ಲೆಕ್ಕ ಬೇರೆ, ಅದನ್ನು ಮುಂದೆ ನೋಡೋಣ. ಮೊದಲು ನಿಮ್ಮ ಕೊನೆಯ ಪ್ರಶ್ನೆಯನ್ನೇ ಹಿಡಿಯುತ್ತೇವೆ, ಏಕೆಂದರೆ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಈ ಯಂತ್ರದ ಲಾಭ ನಷ್ಟ ತೀರ್ಮಾನವಾಗುವುದು ಮರದಿಂದಲ್ಲ, ಅದರ ಬುಡದಲ್ಲಿರುವ ಕಲ್ಲಿನಿಂದ.

ಗ್ರೈಂಡರ್ ಎಂಬ ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಇದು ಹಿಟ್ಟಿನ ಗಿರಣಿಯ ಹಾಗೆ ಅರೆಯುವುದಿಲ್ಲ, ಬಾಚಿಯ ಹಾಗೆ ಕೆತ್ತುತ್ತದೆ. ದಪ್ಪ ಉಕ್ಕಿನ ಚಕ್ರ, ಅದರ ಅಂಚಿಗೆ ಮತ್ತು ಎರಡೂ ಬದಿಗೆ ಬೋಲ್ಟ್ ಮಾಡಿದ ಹಲ್ಲುಗಳು, ಹಲ್ಲಿನ ತುದಿಗೆ ಬೆಸೆದ ಟಂಗ್‌ಸ್ಟನ್ ಕಾರ್ಬೈಡ್ ತುಣುಕು. ಕಾರ್ಬೈಡ್ ಬಹಳ ಗಟ್ಟಿ, ಹಾಗೆಯೇ ಬಹಳ ಪೆಡಸು. ಮಣ್ಣಿಗೆ ಸವೆಯುತ್ತದೆ, ಕಲ್ಲಿಗೆ ಒಡೆಯುತ್ತದೆ. ಆಳಂದ ಮತ್ತು ಬೀದರ್ ಕಡೆಯ ಎರೆ ಭೂಮಿಯ ಕೆಳಗಿರುವುದು ಕಪ್ಪು ಬಸಾಲ್ಟ್ ಬಂಡೆ ಮತ್ತು ಅದು ಕೊಳೆತು ಆದ ಗರಸು. ಗರಸು ಹಲ್ಲನ್ನು ನಿಧಾನವಾಗಿ ತಿನ್ನುತ್ತದೆ, ಬಸಾಲ್ಟ್ ಗುಂಡು ಒಂದೇ ಏಟಿಗೆ ತುದಿ ಹಾರಿಸುತ್ತದೆ. ಬೀದರ್ ನಗರದ ಸುತ್ತಲ ಕೆಂಪು ಜಂಬಿಟ್ಟಿಗೆ ನೆಲದಲ್ಲಿ ಒಡೆಯುವುದಕ್ಕಿಂತ ಸವೆತವೇ ಹೆಚ್ಚು. ಶಹಾಬಾದ್, ಚಿತ್ತಾಪುರ, ಸೇಡಂ ಕಡೆ ಫರ್ಸಿ ಕಲ್ಲಿನ ಪದರ ಕೆಲವೆಡೆ ಮೊಳದಾಳದಲ್ಲೇ ಸಿಗುತ್ತದೆ, ಬೇರು ಆ ಪದರಗಳ ಸಂದಿಯಲ್ಲಿ ಹೊಕ್ಕು ಚಪ್ಪಡಿಯನ್ನೇ ಎತ್ತಿಕೊಂಡಿರುತ್ತದೆ. ಯಾದಗಿರಿ ಸುತ್ತ ಗ್ರಾನೈಟ್. ಆಳವಾದ ಎರೆಯಲ್ಲೂ ಸುಣ್ಣದ ಹರಳು ಇರುತ್ತವೆ, ಆದರೆ ಅವು ಸಣ್ಣವು, ಹಲ್ಲಿಗೆ ದೊಡ್ಡ ಅಪಾಯವಲ್ಲ.

ಇದೆಲ್ಲಕ್ಕಿಂತ ಕೆಟ್ಟದ್ದು ಒಡ್ಡಿನ ಮೇಲಿನ ಬೊಡ್ಡಿ. ತಲೆಮಾರುಗಳಿಂದ ಹೊಲದಲ್ಲಿ ಆರಿಸಿದ ಕಲ್ಲು ಬಂದು ಬೀಳುವುದು ಒಡ್ಡಿಗೆ. ಅಲ್ಲಿ ಹುಟ್ಟಿದ ಜಾಲಿ ಆ ಕಲ್ಲನ್ನು ಬೇರಿನ ಮಡಿಕೆಯಲ್ಲಿ ನುಂಗಿಕೊಂಡೇ ಬೆಳೆದಿರುತ್ತದೆ. ಮೇಲೆ ನೋಡಿದರೆ ಬರೀ ಕಟ್ಟಿಗೆ, ನಾಲ್ಕು ಬೆರಳು ಕೆಳಗೆ ಹೋದರೆ ಮುಷ್ಟಿ ಗಾತ್ರದ ಕಲ್ಲು. ಬೇಲಿ ತಂತಿ, ಮೊಳೆ ನುಂಗಿದ ಮರಗಳೂ ಉಂಟು. ಹಾಗಾಗಿ ನಿಮ್ಮ 70ರಲ್ಲಿ ಒಡ್ಡಿನವು ಎಷ್ಟು, ಬಯಲಿನವು ಎಷ್ಟು ಎಂದು ಮೊದಲು ಎಣಿಸಿ. ಎರಡು ಕಲ್ಲಿನ ನಡುವೆ ಸಿಕ್ಕ ಬೊಡ್ಡಿಗೆ ಜೆಸಿಬಿಯೇ ಸರಿ, ಅಲ್ಲಿ ಗ್ರೈಂಡರ್ ಹಚ್ಚುವುದು ಹಲ್ಲು ದಾನ ಮಾಡಿದಂತೆ. ಪೈಪ್‌ಲೈನ್, ಬಾವಿಯ ಕಟ್ಟೆ, ಮನೆ ಗೋಡೆ ಹತ್ತಿರದವು, ಹೊಲದ ನಡುವಿನ ಆಳ ಎರೆಯಲ್ಲಿರುವವು ಗ್ರೈಂಡರಿನ ಪಾಲಿಗಿರಲಿ.

ಟ್ರ್ಯಾಕ್ಟರಿನ ಶಕ್ತಿ ಎಷ್ಟು?

45 ಎಚ್‌ಪಿ ಎಂಬುದು ಎಂಜಿನ್ನಿನ ಲೆಕ್ಕ. ಹಿಂದೆ ಹಾಕಿದ ಯಂತ್ರವನ್ನು ತಿರುಗಿಸುವ ಪಿಟಿಒ ಶಾಫ್ಟಿಗೆ ಬರುವುದು ಅದರಲ್ಲಿ ಸುಮಾರು 85 ಶೇಕಡಾ, ಅಂದರೆ 38 ಎಚ್‌ಪಿ. ನಿಮ್ಮ ಮಾಡೆಲ್ಲಿನ ನಿಖರ ಅಂಕಿ ಬೇಕಿದ್ದರೆ ಮಧ್ಯಪ್ರದೇಶದ ಬುದ್ನಿಯ ಕೇಂದ್ರ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯ ಪರೀಕ್ಷಾ ವರದಿಯಲ್ಲಿ ಪಿಟಿಒ ಶಕ್ತಿಯನ್ನು ಬೇರೆಯಾಗಿ ಕೊಟ್ಟಿರುತ್ತಾರೆ. ಡೀಲರ್ ಹತ್ತಿರ ಕೇಳಿ.

38 ಎಚ್‌ಪಿ ಅಂದರೆ ಹಲ್ಲಿನ ತುದಿಗೆ ಎಷ್ಟು ಬಲ? ನಿಮಿಷಕ್ಕೆ 540 ಸುತ್ತಿನಲ್ಲಿ ಶಾಫ್ಟಿನ ತಿರುಚು ಬಲ ಸುಮಾರು 500 ನ್ಯೂಟನ್ ಮೀಟರ್. ಯಂತ್ರದ ಗೇರ್‌ಬಾಕ್ಸ್ ಆ 540ನ್ನು 900ಕ್ಕೆ ಏರಿಸಿದರೆ ಬಲ 300ಕ್ಕೆ ಇಳಿಯುತ್ತದೆ. ಚಕ್ರದ ಅಡ್ಡಳತೆ 600 ಮಿಲಿಮೀಟರ್ ಇದ್ದರೆ ಅಂಚಿನಲ್ಲಿ ಉಳಿಯುವುದು ಸುಮಾರು 100 ಕಿಲೊ ತೂಕದಷ್ಟು ತಳ್ಳುವ ಬಲ, ಅಷ್ಟೇ. ಅದೂ ಒಮ್ಮೆಗೆ ಕಟ್ಟಿಗೆ ಮುಟ್ಟುವ ಎರಡು ಮೂರು ಹಲ್ಲುಗಳಿಗೆ ಹಂಚಿಹೋಗುತ್ತದೆ. ಕೆಲಸ ಸಾಗುವುದು ಬಲದಿಂದಲ್ಲ, ವೇಗದಿಂದ. ಅದೇ ಚಕ್ರದ ಅಂಚು ಸೆಕೆಂಡಿಗೆ 28 ಮೀಟರ್, ಅಂದರೆ ಗಂಟೆಗೆ 100 ಕಿಲೋಮೀಟರ್ ಓಡುತ್ತಿರುತ್ತದೆ. ಸಣ್ಣ ತುತ್ತು, ವೇಗದ ಚಕ್ರ: ಈ ಟ್ರ್ಯಾಕ್ಟರಿಗೆ ಒಗ್ಗುವ ದಾರಿ ಇದೊಂದೇ.

ಹಾಗಾಗಿ 450ರಿಂದ 600 ಮಿಮೀ ಚಕ್ರ ನೋಡಿ. 700ರ ಮೇಲಿನದು 60 ಎಚ್‌ಪಿ ಮೇಲಿನ ಟ್ರ್ಯಾಕ್ಟರುಗಳಿಗೆ. ದೊಡ್ಡ ಚಕ್ರ ಹಾಕಿದರೆ ಬೇಗ ಮುಗಿಯುತ್ತದೆ ಎಂದು ಮಾರುವವರು ಹೇಳಬಹುದು. 38 ಎಚ್‌ಪಿಯ ಕೈಯಲ್ಲಿ ಅದು ಪ್ರತಿ ತುತ್ತಿಗೂ ಎಂಜಿನ್ ಕೂರಿಸುತ್ತದೆ.

ಯಾವ ಬಗೆ?

ಟ್ರ್ಯಾಕ್ಟರಿಗೆ ಹಾಕುವವುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದರಲ್ಲಿ ಚಕ್ರ ಚೌಕಟ್ಟಿಗೆ ಗಟ್ಟಿಯಾಗಿ ಕೂತಿರುತ್ತದೆ. ಲಿಫ್ಟ್ ಇಳಿಸಿ ಕೆತ್ತಿಸಬೇಕು, ಟ್ರ್ಯಾಕ್ಟರನ್ನೇ ಹಿಂದೆ ಮುಂದೆ ಸರಿಸಿ ಪಕ್ಕದ ಗೆರೆ ಹಿಡಿಯಬೇಕು. ಅಗ್ಗ, ಹೈಡ್ರಾಲಿಕ್ ಗೊಡವೆಯಿಲ್ಲ. ಆದರೆ ಎರಡು ಇಂಚು ಸರಿಯಲು ಕ್ಲಚ್ ಒತ್ತಬೇಕು. ಸಿಂಗಲ್ ಕ್ಲಚ್ ಟ್ರ್ಯಾಕ್ಟರಿನಲ್ಲಿ ಕ್ಲಚ್ ಒತ್ತಿದರೆ ಪಿಟಿಒ ಕೂಡ ಕಳಚುತ್ತದೆ. ಜೊತೆಗೆ ತಿರುಗುತ್ತಿರುವ ಭಾರದ ಚಕ್ರ ಹಿಂದಿನಿಂದ ಗೇರ್‌ಬಾಕ್ಸನ್ನು ನೂಕಿ ಟ್ರ್ಯಾಕ್ಟರನ್ನು ಒಂದು ಹೆಜ್ಜೆ ಮುಂದೆ ತಳ್ಳುವುದೂ ಉಂಟು. ಗಾಲಿಯನ್ನೂ ಪಿಟಿಒವನ್ನೂ ಬೇರೆ ಬೇರೆ ಕಳಚುವ ಡ್ಯುಯಲ್ ಕ್ಲಚ್ ಇಲ್ಲದಿದ್ದರೆ ಈ ಬಗೆ ಬೇಡ. ಇದ್ದರೂ ಶಾಫ್ಟಿನಲ್ಲಿ, ಚಕ್ರ ಹಿಂದಿನಿಂದ ಟ್ರ್ಯಾಕ್ಟರನ್ನು ನೂಕದಂತೆ ತಡೆಯುವ ಓವರ್‌ರನ್ನಿಂಗ್ ಕ್ಲಚ್ ಇರಲಿ.

ಎರಡನೆಯದು ತೂಗುವ ತೋಳಿನದು. ಟ್ರ್ಯಾಕ್ಟರ್ ನ್ಯೂಟ್ರಲ್‌ನಲ್ಲಿ ನಿಂತೇ ಇರುತ್ತದೆ, ಹ್ಯಾಂಡ್‌ಬ್ರೇಕ್ ಹಾಕಿರುತ್ತದೆ. ಚಕ್ರವನ್ನು ಎಡಬಲ ತೂಗುವುದು, ಇಳಿಸುವುದು, ಕೆಲವದರಲ್ಲಿ ಹಿಂದಕ್ಕೆ ಚಾಚುವುದು ಎಲ್ಲ ಹೈಡ್ರಾಲಿಕ್ ಸಿಲಿಂಡರಿನಿಂದ. ಇಲ್ಲಿ ಕ್ಲಚ್ ಸಿಂಗಲ್ಲೋ ಡ್ಯುಯಲ್ಲೋ ಎಂಬುದು ಅಷ್ಟು ಮುಖ್ಯವಲ್ಲ. ನಿಮಗೆ ಇದೇ ಸರಿ, ಆದರೆ ಒಂದು ತೊಡಕಿದೆ. ಟ್ರಾಲಿ ಎತ್ತುವ ನಿಮ್ಮ ಪೋರ್ಟ್ ಒಂದೇ ಕಡೆ ಎಣ್ಣೆ ತಳ್ಳುತ್ತದೆ, ಟ್ರಾಲಿ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಎಡಬಲ ತೂಗುವ ಸಿಲಿಂಡರಿಗೆ ಎರಡೂ ಕಡೆ ಎಣ್ಣೆ ಬೇಕು. ಆ ಪೋರ್ಟಿಗೆ ಸಿಕ್ಕಿಸಿದರೆ ತೋಳು ಒಂದು ಬದಿಗೆ ಹೋಗಿ ಅಲ್ಲೇ ನಿಲ್ಲುತ್ತದೆ.

ಇದಕ್ಕೆ ದಾರಿ ಎರಡು. ಒಂದು, ತನ್ನದೇ ಎಣ್ಣೆ ಟ್ಯಾಂಕ್, ಪಂಪ್, ಲಿವರ್‌ಗಳಿರುವ ಯಂತ್ರ. ಪಂಪ್ ಯಂತ್ರದ ಗೇರ್‌ಬಾಕ್ಸಿನಿಂದಲೇ ತಿರುಗುತ್ತದೆ. ಬೆಲೆ ಮತ್ತು ತೂಕ ಹೆಚ್ಚು, ಆದರೆ ಬಾಡಿಗೆಗೆ ಬೇರೆಯವರ ಟ್ರ್ಯಾಕ್ಟರಿಗೂ ಹಾಕಬಹುದು, ಒಬ್ಬರ ಎಣ್ಣೆಯ ಹೊಲಸು ಇನ್ನೊಬ್ಬರ ಲಿಫ್ಟಿಗೆ ಹೋಗುವುದಿಲ್ಲ. ಇನ್ನೊಂದು, ನಿಮ್ಮ ಟ್ರ್ಯಾಕ್ಟರಿಗೆ ಎರಡು ಅಥವಾ ಮೂರು ಲಿವರಿನ ಡಬಲ್ ಆ್ಯಕ್ಟಿಂಗ್ ವಾಲ್ವ್ ಕೂರಿಸುವುದು. ಇದನ್ನು ಕಂಪನಿ ಡೀಲರ್ ಬಳಿಯೇ ಮಾಡಿಸಿ. ಮರಳುವ ಎಣ್ಣೆಯ ಪೈಪನ್ನು ತಪ್ಪು ಜಾಗಕ್ಕೆ ಕೊಟ್ಟು ಲಿಫ್ಟೇ ಏಳದಂತೆ ಮಾಡಿದ ಗ್ಯಾರೇಜ್ ಕೆಲಸಗಳಿಗೆ ಕೊರತೆಯಿಲ್ಲ. ನಮ್ಮ ಒಲವು ಸ್ವಂತ ಪಂಪಿನ ಯಂತ್ರದ ಕಡೆಗೆ.

ಊರ ವೆಲ್ಡಿಂಗ್ ಶಾಪಿನಲ್ಲಿ ಹಳೆ ಫ್ಲೈವೀಲಿಗೆ ಹಲ್ಲು ಬೆಸೆದು ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಮುಂದೆ ನಡೆಯಿರಿ. 60 ಕಿಲೊ ಚಕ್ರ 900 ಸುತ್ತಿನಲ್ಲಿ ತನ್ನೊಳಗೆ ಹಿಡಿದಿರುವ ಶಕ್ತಿ, 60 ಕಿಲೊ ಮೂಟೆ 20 ಮೀಟರ್ ಎತ್ತರದಿಂದ ಬಿದ್ದಷ್ಟು. ಬೀಡು ಕಬ್ಬಿಣದ ಫ್ಲೈವೀಲ್ ಒಡೆದರೆ ಅದು ಹೋಗುವ ದಿಕ್ಕನ್ನು ಯಾರೂ ಹೇಳಲಾರರು.

ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಅಳೆಯಬೇಕಾದ್ದು ಕೆಲವಿದೆ. ಯಂತ್ರದ ಕೆಳಗಿನ ಪಿನ್ 22 ಮಿಮೀ ಇದ್ದರೆ ಕ್ಯಾಟಗರಿ 1, 28 ಇದ್ದರೆ ಕ್ಯಾಟಗರಿ 2. ನಿಮ್ಮ ಲಿಫ್ಟಿನ ಗುಂಡಿಗೆ ಯಾವುದು ಕೂರುತ್ತದೆ ನೋಡಿ, ದೊಡ್ಡ ತೂತಿನಲ್ಲಿ ಸಣ್ಣ ಪಿನ್ ಹಾಕಿ ಬುಶ್ ಇಲ್ಲದೆ ಓಡಿಸಬೇಡಿ. ಪಿಟಿಒ 6 ಹಲ್ಲಿನ, 35 ಮಿಮೀ ಶಾಫ್ಟಿನದೇ ಇರಬೇಕು. ಚಕ್ರ ನೆಲದ ಕೆಳಗೆ ಎಷ್ಟು ಇಳಿಯುತ್ತದೆ ಎಂದು ಕೇಳಿ. 600 ಮಿಮೀ ಚಕ್ರ ಅಂದರೆ 300 ಇಳಿಯುತ್ತದೆ ಎಂದುಕೊಳ್ಳಬೇಡಿ, ನಡುವಿನ ಹಬ್ ಮತ್ತು ತೋಳು ಮೊದಲೇ ನೆಲಕ್ಕೆ ತಾಗುತ್ತವೆ. ನಿಜವಾಗಿ ಸಿಗುವುದು 20ರಿಂದ 25 ಸೆಂಟಿಮೀಟರ್, ಹೊಂಡ ಅಗಲ ಮಾಡಿಕೊಂಡರೆ ಮತ್ತಷ್ಟು. ಕಲ್ಟಿವೇಟರ್, ರೋಟಾವೇಟರಿಗೆ ಇಷ್ಟು ಸಾಕು. ಪಲ್ಟಿ ನೇಗಿಲು ಹೊಡೆಯುವ ಹೊಲವಾದರೆ 30 ಬೇಕು. ಯಂತ್ರದ ತೂಕವನ್ನೂ ಕೇಳಿ. ಈ ವರ್ಗದ ಟ್ರ್ಯಾಕ್ಟರ್ 1,500 ಕಿಲೊ ಎತ್ತುತ್ತದೆ ಎಂದರೂ ಆ ಅಂಕಿ ಲಿಫ್ಟಿನ ತುದಿಯ ಹತ್ತಿರದ್ದು. ಗ್ರೈಂಡರಿನ ಭಾರ ಹಿಂದೆ ದೂರದಲ್ಲಿ ನೇತಾಡುತ್ತದೆ. ಎತ್ತಿದಾಗ ಟ್ರ್ಯಾಕ್ಟರಿನ ಒಟ್ಟು ತೂಕದ ಐದರಲ್ಲಿ ಒಂದು ಪಾಲಾದರೂ ಮುಂದಿನ ಗಾಲಿಗಳ ಮೇಲೆ ಉಳಿಯಬೇಕು, ಇಲ್ಲವಾದರೆ ಸ್ಟಿಯರಿಂಗ್ ಹಿಡಿತ ತಪ್ಪುತ್ತದೆ. ಕಡಿಮೆ ಬಿದ್ದರೆ ಮುಂದೆ ತೂಕದ ಕಬ್ಬಿಣ ಹಾಕಿಸಿ.

ಕೊನೆಯದಾಗಿ ಹಲ್ಲು. ಬಿಡಿ ಹಲ್ಲು ಕಲಬುರಗಿಯಲ್ಲೋ ಸೋಲಾಪುರದಲ್ಲೋ ಹೈದರಾಬಾದಿನಲ್ಲೋ ಸಿಗುತ್ತದೆಯೇ, ಅಥವಾ ಪ್ರತಿ ಸಲ ಪಾರ್ಸೆಲ್ ಕಾಯಬೇಕೇ? ಉತ್ತರ ಸಮಾಧಾನವಾಗದಿದ್ದರೆ ಯಂತ್ರ ಎಷ್ಟೇ ಚೆನ್ನಾಗಿದ್ದರೂ ಬಿಡಿ.

ಕೆತ್ತುವ ಮೊದಲಿನ ಕೆಲಸ

ಬೊಡ್ಡಿಯನ್ನು ಚೈನ್‌ಸಾದಿಂದ ನೆಲಕ್ಕೆ ಸಾಧ್ಯವಾದಷ್ಟು ಹತ್ತಿರ ಕತ್ತರಿಸಿ. ಎರಡಡಿ ಅಡ್ಡಳತೆಯ ಬೊಡ್ಡಿ ಒಂದೂವರೆ ಅಡಿ ಎತ್ತರ ಉಳಿದಿದ್ದರೆ, ಆ ಮೇಲಿನ ಭಾಗದಲ್ಲಿರುವ ಕಟ್ಟಿಗೆ ಹೆಚ್ಚುಕಡಿಮೆ ನೆಲದ ಕೆಳಗೆ ನೀವು ಕೆತ್ತುವಷ್ಟೇ. ಹತ್ತು ನಿಮಿಷದ ಗರಗಸದ ಕೆಲಸ ಅರ್ಧ ಡೀಸೆಲ್ ಉಳಿಸುತ್ತದೆ, ಕತ್ತರಿಸಿದ್ದು ಒಲೆಗೂ ಆಗುತ್ತದೆ. ಇನ್ನೊಂದು ಲೆಕ್ಕ ನೆನಪಿರಲಿ: ಅಡ್ಡಳತೆ ದುಪ್ಪಟ್ಟಾದರೆ ಕೆಲಸ ನಾಲ್ಕು ಪಟ್ಟು.

ಆಮೇಲೆ ಸುತ್ತ ಒಂದು ಮೊಳ ಅಗಲ, ಒಂದು ಗೇಣು ಆಳ ಗುದ್ದಲಿಯಿಂದ ಬಿಡಿಸಿ, ಹಾರೆಯಿಂದ ಕುಟ್ಟಿ ನೋಡಿ. ಕಲ್ಲಿನ ಸದ್ದು ಬೇರೆ, ಕಟ್ಟಿಗೆಯ ಸದ್ದು ಬೇರೆ. ಬೇರಿನ ಮಡಿಕೆಯಲ್ಲಿ ಸಿಕ್ಕಿದ ಕಲ್ಲನ್ನು ಹಾರೆಯಿಂದಲೇ ಮೀಟಿ ತೆಗೆಯಿರಿ. ಬಾವಿ ಕಡೆ ಪೈಪ್ ಮತ್ತು ಮೋಟರಿನ ಕೇಬಲ್ ಹಾದ ಜಾಡನ್ನು ಕೈಯಿಂದ ತೋಡಿ ಕಣ್ಣಿಗೆ ಕಾಣುವಂತೆ ಮಾಡಿ. ಅಂದಾಜಿನ ಗೆರೆ ಸಾಲದು, ಬೇರು ದಪ್ಪವಾಗುತ್ತ ಪೈಪನ್ನು ಪಕ್ಕಕ್ಕೆ ತಳ್ಳಿರುತ್ತದೆ.

ಕಾಲದ ಮಾತು. ಒದ್ದೆ ಎರೆಯಲ್ಲಿ ಈ ಕೆಲಸ ಆಗದು. ಮಣ್ಣು ಹಲ್ಲಿನ ಸಂದಿಗೆ ಮೆತ್ತಿಕೊಂಡು ಚಕ್ರದ ತೂಕ ಏರುಪೇರಾಗಿ ನಡುಗುತ್ತದೆ, ಟ್ರ್ಯಾಕ್ಟರ್ ಹೂತುಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನೆಲ ಬಿರುಕು ಬಿಟ್ಟು ಬೇರು ತಾನೇ ಬಿಡಿಸಿಕೊಂಡಿರುತ್ತದೆ ನಿಜ, ಆದರೆ ಹಿಂದಿನ ವರ್ಷ ಕಡಿದ ಜಾಲಿ, ಹುಣಸೆ ಒಣಗಿ ಕಬ್ಬಿಣವಾಗಿರುತ್ತದೆ. ತೊಗರಿ ರಾಶಿ ಮುಗಿದ ಮೇಲೆ ಜನವರಿಯಿಂದ ಮಾರ್ಚ್‌ವರೆಗಿನ ಹೊತ್ತೇ ಚೆಲೋ. ಇನ್ನು ಮುಂದೆ ಮರ ಕಡಿಸಿದರೆ ಎರಡು ಮೂರು ತಿಂಗಳೊಳಗೆ, ಹಸಿ ಇದ್ದಾಗಲೇ ಬೊಡ್ಡಿ ಕೆತ್ತಿಸಿ. ಹಸಿ ಕಟ್ಟಿಗೆ ಚಕ್ಕೆಯಾಗಿ ಹಾರುತ್ತದೆ, ಒಣಗಿದ್ದು ಪುಡಿಯಾಗಿ ಹಲ್ಲು ಕಾಯಿಸುತ್ತದೆ. ಕಡಿಸುವ ಮೊದಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಅನುಮತಿ ಬೇಕೇ ಎಂದು ವಲಯ ಅರಣ್ಯ ಕಚೇರಿಯಲ್ಲಿ ಕೇಳಿಕೊಳ್ಳಿ. ನೀಲಗಿರಿಯಂಥ ಕೆಲವಕ್ಕೆ ವಿನಾಯಿತಿ ಇದೆ, ಎಲ್ಲಕ್ಕೂ ಇಲ್ಲ.

ನಡೆಸುವ ಬಗೆ

ಮೊದಲ ಸಲ ಹಾಕುವಾಗ ಪಿಟಿಒ ಶಾಫ್ಟಿನ ಉದ್ದ ನೋಡಿ. ಲಿಫ್ಟನ್ನು ಮೇಲೆ ಕೆಳಗೆ ಮಾಡಿ, ಅತಿ ಹತ್ತಿರ ಬಂದಾಗ ಒಳಕೊಳವೆ ತಳ ಮುಟ್ಟಬಾರದು, ಅತಿ ದೂರ ಹೋದಾಗ ಕೊಳವೆಗಳು ಮೂರರಲ್ಲಿ ಒಂದು ಪಾಲಾದರೂ ಒಂದರೊಳಗೊಂದು ಇರಬೇಕು. ತಳ ಮುಟ್ಟಿದರೆ ಟ್ರ್ಯಾಕ್ಟರಿನ ಪಿಟಿಒ ಬೇರಿಂಗ್ ಒಡೆಯುತ್ತದೆ, ಅದರ ರಿಪೇರಿ ಖರ್ಚಿನ ಕೆಲಸ. ಶಾಫ್ಟ್ ಬಾಗಲು ಬಿಡುವ ಎರಡು ತುದಿಯ ಕ್ರಾಸ್‌ಗಳ ಕವೆಗಳು ಒಂದೇ ಸಾಲಿನಲ್ಲಿರಲಿ. ಗ್ರೀಸ್ ಹಚ್ಚಲು ಬಿಚ್ಚಿ ತಿರುಗಿಸಿ ಹಾಕಿದಾಗ ಇದು ತಪ್ಪುತ್ತದೆ, ಆಮೇಲೆ ಕಾರಣ ತಿಳಿಯದ ನಡುಕ. ಕೆಳಲಿಂಕಿನ ಸರಪಳಿ ಬಿಗಿಯಿರಲಿ, ಯಂತ್ರ ಬದಿಗೆ ಅಲುಗಬಾರದು. ಲಿಫ್ಟನ್ನು ಡ್ರಾಫ್ಟ್‌ನಲ್ಲಿ ಬಿಡದೆ ಪೊಸಿಷನ್ ಲಿವರಿನಲ್ಲಿ ನಡೆಸಿ.

ಹಿಂದಕ್ಕೆ ಬಂದು ಚಕ್ರ ಬೊಡ್ಡಿಯ ಹತ್ತಿರದ ಅಂಚಿನ ಮೇಲೆ ಬರುವಂತೆ ನಿಲ್ಲಿಸಿ. ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಗಾಲಿಗೆ ಕಲ್ಲು. ಚೌಕಟ್ಟಿನ ಕಾಲು ನೆಲಕ್ಕೆ ಊರಲಿ. ಪಿಟಿಒ ಹಾಕುವಾಗ ಎಂಜಿನ್ ನಿಧಾನವಿರಬೇಕು, ಚಕ್ರ ಕಟ್ಟಿಗೆಯಿಂದ ಮೇಲಿರಬೇಕು. ಆಮೇಲೆ ಮೀಟರಿನಲ್ಲಿ 540ರ ಗುರುತಿಗೆ ಏರಿಸಿ ಅಲ್ಲೇ ಹಿಡಿಯಿರಿ.

ಈಗ ತುತ್ತು. ಜಾಲಿ, ಹುಣಸೆಗೆ 2ರಿಂದ 3 ಸೆಂಟಿಮೀಟರ್, ಅಂದರೆ ಒಂದು ಹೆಬ್ಬೆರಳ ಅಗಲದಷ್ಟು ಇಳಿಸಿ ಎಡದಿಂದ ಬಲಕ್ಕೆ ತೂಗಿ. ಬೇವು ಸ್ವಲ್ಪ ಮೆತ್ತಗೆ, 4 ಕೊಡಬಹುದು. ಆ ಬದಿಗೆ ಮುಟ್ಟಿದ ಮೇಲೆ ಮತ್ತೆ ಅಷ್ಟೇ ಇಳಿಸಿ ಬಲದಿಂದ ಎಡಕ್ಕೆ. ಹೀಗೆ ಪದರ ಪದರವಾಗಿ ಬೇಕಾದ ಆಳಕ್ಕೆ ಹೋಗಿ, ನಂತರ ಚಕ್ರ ಎತ್ತಿ, ಹಿಂದಕ್ಕೆ ನಾಲ್ಕಾರು ಬೆರಳು ಸರಿದು ಮುಂದಿನ ಸಾಲು. ಕೆತ್ತುವುದು ಚಕ್ರದ ಕೆಳ ಅಂಚು. ಮಧ್ಯದವರೆಗೆ ಕಟ್ಟಿಗೆಯಲ್ಲಿ ಮುಳುಗಿಸಿ ತೂಗಿದರೆ ಚಕ್ರದ ಬದಿ ಉಜ್ಜಿ ಸಿಕ್ಕಿಕೊಳ್ಳುತ್ತದೆ.

ತೂಗುವ ವೇಗಕ್ಕೆ ಕಿವಿಯೇ ಅಳತೆ. ಎಂಜಿನ್ ಸದ್ದು ಸ್ವಲ್ಪ ದಪ್ಪವಾದರೆ ಸರಿ, ಕಪ್ಪು ಹೊಗೆ ಬಂದು ಕೂರತೊಡಗಿದರೆ ಲಿವರ್ ಬಿಡಿ, ಚಕ್ರ ಮತ್ತೆ ವೇಗ ಹಿಡಿಯಲಿ. ಅಲ್ಲಿಯೂ ಒತ್ತಿ ಹಿಡಿದರೆ ಹೊರೆ ಮೀರಿದಾಗ ತಾನು ಮುರಿದು ಗೇರ್‌ಬಾಕ್ಸ್ ಕಾಯುವ ಶಿಯರ್ ಬೋಲ್ಟ್ ಹೋಗುತ್ತದೆ, ಅಥವಾ ಅದೇ ಕೆಲಸಕ್ಕೆ ಜಾರುವ ಸ್ಲಿಪ್ ಕ್ಲಚ್ ಸುಟ್ಟ ವಾಸನೆ ಬರುತ್ತದೆ. ತೋಳು ತಾನೇ ಬಹಳ ವೇಗವಾಗಿ ತೂಗುತ್ತಿದ್ದರೆ ಎಣ್ಣೆಯ ಹರಿವು ಕಡಿಮೆ ಮಾಡುವ ಸ್ಕ್ರೂ ಅಥವಾ ಕಿರಿದು ತೂತಿನ ನಿಪ್ಪಲ್ ಹಾಕಿಸಿ. ಮೂರು ನಾಲ್ಕು ಪದರಕ್ಕೊಮ್ಮೆ ಪಿಟಿಒ ಬಿಡಿಸಿ, ಎಂಜಿನ್ ಆರಿಸಿ, ಚಕ್ರ ಪೂರ್ತಿ ನಿಂತ ಮೇಲೆ ಚೂರನ್ನು ಸಲಿಕೆಯಿಂದ ಎಳೆದು ಹಾಕಿ. ಚೂರಿನಲ್ಲೇ ಚಕ್ರ ತಿರುಗುತ್ತಿದ್ದರೆ ಕೆಳಗೆ ಕಲ್ಲು ಬಂದದ್ದು ಕಾಣುವುದೂ ಇಲ್ಲ, ಕೇಳಿಸುವುದೂ ಇಲ್ಲ. ಕಿಡಿ ಹಾರಿದರೆ ಅಥವಾ ಟಣ್ ಎಂದರೆ ತಕ್ಷಣ ಎತ್ತಿ.

ಪೂರ್ತಿ ಹೊರೆಯಲ್ಲಿ ಈ ಟ್ರ್ಯಾಕ್ಟರ್ ಗಂಟೆಗೆ 8 ಲೀಟರ್ ಹತ್ತಿರ ಕುಡಿಯುತ್ತದೆ. ತೂಗುವ ಕೆಲಸದಲ್ಲಿ ಹೊರೆ ಬಂದು ಹೋಗುವುದರಿಂದ 4ರಿಂದ 6 ಎಂದು ಹಿಡಿಯಬಹುದು.

ಆಳ ಎಷ್ಟಿರಬೇಕು ಎಂಬುದು ಮರಕ್ಕೆ ತಕ್ಕಂತೆ. ಬಳ್ಳಾರಿ ಜಾಲಿ ಮತ್ತೆ ಚಿಗುರುವುದು ನೆಲದ ಕೆಳಗಿನ ಬುಡದ ಗಂಟಿನಿಂದ. ಗೇಣಿನಿಂದ ಒಂದು ಅಡಿವರೆಗಿನ ಆ ಗಂಟು ಪೂರ್ತಿ ಹೋಗಬೇಕು, ಬದಿಯಲ್ಲಿ ಒಂದು ತುಂಡು ಉಳಿದರೂ ಜೂನ್ ಮಳೆಗೆ ಮುಳ್ಳು ಎದ್ದು ನಿಲ್ಲುತ್ತದೆ. ಬೇವಿನದು ಬೇರೆ ಪಾಡು, ಗಾಯಗೊಂಡ ಬೇರಿನಿಂದ ಅಲ್ಲಲ್ಲಿ ಚಿಗುರು ಬರಬಹುದು. ಎರಡು ಮಳೆಗಾಲ ಆ ಚಿಗುರನ್ನು ಎಳಸಾಗಿದ್ದಾಗಲೇ ಕಿತ್ತರೆ ಸಾಯುತ್ತದೆ. ಪಕ್ಕದ ಬೇರುಗಳನ್ನು ಮಣಿಕಟ್ಟಿಗಿಂತ ತೆಳ್ಳಗಾಗುವವರೆಗೆ ಬೆನ್ನಟ್ಟಿ ಕೆತ್ತಿ, ಇಲ್ಲವಾದರೆ ಕಲ್ಟಿವೇಟರಿನ ಹಲ್ಲು ಅದಕ್ಕೆ ಸಿಕ್ಕಿ ಬಾಗುತ್ತದೆ.

ಸುರಕ್ಷತೆಯಲ್ಲಿ ಮೂರು ಮಾತಿಗೆ ರಿಯಾಯಿತಿ ಇಲ್ಲ. ಸುತ್ತ 30 ಮೀಟರಿನೊಳಗೆ ಯಾರೂ ನಿಲ್ಲಬಾರದು, ನೋಡಲು ಬಂದ ಹುಡುಗರು ಮೊದಲು ಆಚೆಗೆ. ಹಿಂದಿನ ರಬ್ಬರ್ ಪರದೆ ಹರಿದಿದ್ದರೆ ಹೊಸದು ಹಾಕುವವರೆಗೆ ಯಂತ್ರ ಹಚ್ಚಬೇಡಿ. ಪಿಟಿಒ ಶಾಫ್ಟಿನ ಪ್ಲಾಸ್ಟಿಕ್ ಕವರ್ ತೆಗೆದು ಮಾಳಿಗೆ ಮೇಲೆ ಇಡುವ ರೂಢಿ ನಮ್ಮಲ್ಲಿದೆ. ಆ ಶಾಫ್ಟ್ ಸೆಕೆಂಡಿಗೆ 9 ಸುತ್ತು ತಿರುಗುತ್ತದೆ, ಧೋತರದ ಚುಂಗು ಸಿಕ್ಕಿದರೆ ಕೂಗುವಷ್ಟೂ ಹೊತ್ತಿರದು. ಧೋತರ, ಹೆಗಲ ಟವೆಲ್ ಬಿಟ್ಟು ಮೈಗಂಟುವ ಬಟ್ಟೆ, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ. ಬೇಸಿಗೆಯ ಒಣ ಹುಲ್ಲಿನಲ್ಲಿ ಎರಡು ಕೊಡ ನೀರು ಹತ್ತಿರವಿರಲಿ.

ಕೆಡುವುದು ಎಲ್ಲಿ?

ಹಲ್ಲಿನಲ್ಲಿ. ಬೆರಳುದ್ದದ ಚಕ್ಕೆ ಬರುತ್ತಿದ್ದದ್ದು ಹಿಟ್ಟಿನಂಥ ಪುಡಿಯಾದರೆ ಹಲ್ಲು ಮೊಂಡು. ಹೊಸ ಯಂತ್ರದಲ್ಲಿ ಮೊದಲ ಗಂಟೆಯ ನಂತರ ಎಲ್ಲ ಹಲ್ಲಿನ ಬೋಲ್ಟ್ ಮತ್ತೊಮ್ಮೆ ಬಿಗಿಯಿರಿ, ಆಮೇಲೆ ದಿನಕ್ಕೆರಡು ಸಲ. ಪಾನಾಕ್ಕೆ ಪೈಪ್ ಹಾಕಿ ಎಳೆಯುವುದಲ್ಲ, ಯಂತ್ರದ ಪುಸ್ತಕದಲ್ಲಿ ಕೊಟ್ಟ ಅಳತೆಗೆ ಟಾರ್ಕ್ ಪಾನಾದಿಂದ. ಹಲ್ಲು ನೇರ, ಎಡಕ್ಕೆ ಬಾಗಿದ್ದು, ಬಲಕ್ಕೆ ಬಾಗಿದ್ದು ಎಂದು ಮೂರು ಬಗೆ. ಬಾಗಿದವು ಚಕ್ರದ ದಪ್ಪಕ್ಕಿಂತ ಅಗಲವಾದ ಜಾಡು ಬಿಡಿಸುತ್ತವೆ. ಅವು ಸವೆದರೆ ಚಕ್ರದ ಬದಿಯೇ ಕಟ್ಟಿಗೆಗೆ ಉಜ್ಜಿ ಬಣ್ಣ ಸುಟ್ಟು ಕಪ್ಪಾಗುತ್ತದೆ, ಚಕ್ರ ಪದೇ ಪದೇ ನಿಲ್ಲುತ್ತದೆ. ಜನ ಇದನ್ನು ಟ್ರ್ಯಾಕ್ಟರಿನ ಶಕ್ತಿ ಸಾಲದು ಎಂದುಕೊಳ್ಳುತ್ತಾರೆ. ಒಂದು ಹಲ್ಲು ಬದಲಿಸಿದರೆ ಅದರ ಎದುರಿನದನ್ನೂ ಬದಲಿಸಿ, ತೂಕ ಸಮವಿರಲಿ. ಜೊತೆಗೆ ಬೋಲ್ಟ್ ಸಮೇತ ಆರು ಹಲ್ಲು ಪೆಟ್ಟಿಗೆಯಲ್ಲಿ ಯಾವಾಗಲೂ ಇರಲಿ.

ಸಾಣೆ ಹಿಡಿಯಲು ಸಾಮಾನ್ಯ ಬೂದು ಕಲ್ಲು ನಡೆಯದು, ಹಸಿರು ಸಿಲಿಕಾನ್ ಕಾರ್ಬೈಡ್ ಕಲ್ಲು ಅಥವಾ ಡೈಮಂಡ್ ಚಕ್ರ ಬೇಕು. ಕಾದ ಹಲ್ಲನ್ನು ನೀರಿಗೆ ಅದ್ದಬೇಡಿ, ಕಾರ್ಬೈಡ್ ಸೀಳುತ್ತದೆ. ತುದಿ ಹಾರಿಹೋದ ಹಲ್ಲಿಗೆ ಸಾಣೆಯೂ ಇಲ್ಲ, ಬದಲಿಸುವುದೇ.

ಶಿಯರ್ ಬೋಲ್ಟ್ ಮೇಲಿಂದ ಮೇಲೆ ಮುರಿಯುತ್ತದೆ ಎಂದು ಗಟ್ಟಿ ಹೈಟೆನ್ಸಿಲ್ ಬೋಲ್ಟ್ ಹಾಕುವವರಿದ್ದಾರೆ. ಮುಂದಿನ ಕಲ್ಲಿಗೆ ಮುರಿಯುವುದು ಆಗ ಗೇರ್‌ಬಾಕ್ಸ್. ಪುಸ್ತಕದಲ್ಲಿ ಹೇಳಿದ ಗ್ರೇಡಿನದನ್ನೇ ಹತ್ತು ತಂದಿಡಿ. ಸ್ಲಿಪ್ ಕ್ಲಚ್ ಇರುವ ಶಾಫ್ಟಿನಲ್ಲಿ ತೊಂದರೆ ಇನ್ನೊಂದು ಬಗೆ: ಮಳೆಗಾಲ ಕಳೆದ ಮೇಲೆ ಪ್ಲೇಟುಗಳು ತುಕ್ಕಿಗೆ ಅಂಟಿಕೊಂಡು ಜಾರುವುದನ್ನೇ ಮರೆತಿರುತ್ತವೆ. ಪ್ರತಿ ಹಂಗಾಮಿನ ಮೊದಲು ಸ್ಪ್ರಿಂಗಿನ ಉದ್ದ ಅಳೆದು ಬರೆದುಕೊಳ್ಳಿ, ಎಲ್ಲ ನಟ್ಟುಗಳನ್ನು ಸಮವಾಗಿ ಎರಡು ಸುತ್ತು ಸಡಿಲಿಸಿ, ಎರಡು ಮೂರು ಸೆಕೆಂಡ್ ಜಾರಿಸಿ, ಮತ್ತೆ ಬರೆದಿಟ್ಟ ಅಳತೆಗೆ ಬಿಗಿಯಿರಿ.

ಕ್ರಾಸ್‌ಗೆ ದಿನಾ ಎಂಟು ಗಂಟೆಗೊಮ್ಮೆ ಗ್ರೀಸ್. ಗೇರ್‌ಬಾಕ್ಸಿಗೆ ಸಾಮಾನ್ಯವಾಗಿ 90 ನಂಬರ್ ಗೇರ್ ಎಣ್ಣೆ, ಹೊಸದರಲ್ಲಿ ಮೊದಲ 50 ಗಂಟೆಗೆ ಬದಲಿಸಿ, ಏಕೆಂದರೆ ಹೊಸ ಗೇರುಗಳ ಸವೆತದ ಪುಡಿ ಅದರಲ್ಲೇ ಇರುತ್ತದೆ. ಕೆಲಸ ಮುಗಿಸಿ ಇಡುವಾಗ ಸಿಲಿಂಡರಿನ ರಾಡ್ ಒಳಗೆ ಎಳೆದಿಡಿ. ಹೊರಗೆ ಉಳಿದ ರಾಡಿಗೆ ತುಕ್ಕು ಕೂತರೆ ಮೊದಲ ದಿನವೇ ಸೀಲ್ ಹರಿಯುತ್ತದೆ.

ಬಾಡಿಗೆಯ ಮಾತು

ಮಗನಿಗೆ ಇಷ್ಟು ಹೇಳಿ: ಗಂಟೆ ಲೆಕ್ಕಕ್ಕೆ ಒಪ್ಪಬಾರದು, ಬೊಡ್ಡಿಯ ಅಡ್ಡಳತೆಯ ಲೆಕ್ಕಕ್ಕೆ ಒಪ್ಪಬೇಕು. ಅಳೆಯುವುದು ನೆಲದ ಮಟ್ಟದಲ್ಲಿ, ಬೇರಿನ ಉಬ್ಬು ಸೇರಿಸಿ. ಎರಡು ಪಟ್ಟು ಅಗಲಕ್ಕೆ ದರ ಎರಡು ಪಟ್ಟು ಸಾಲದು, ಮೇಲಿನ ನಾಲ್ಕು ಪಟ್ಟಿನ ಲೆಕ್ಕ ಮರೆಯಬಾರದು. ಸುತ್ತ ಮಣ್ಣು ಬಿಡಿಸಿ ಕಲ್ಲು ತೆಗೆದುಕೊಡುವುದು ಹೊಲದವರ ಕೆಲಸ, ಕಲ್ಲಿಗೆ ಹೋದ ಹಲ್ಲಿನ ಖರ್ಚು ಬೇರೆ ಎಂದು ಮೊದಲೇ ಮಾತಾಗಿರಲಿ. ಹೊಲಗಳಿಗಿಂತ ಊರೊಳಗಿನ ಮನೆ ಅಂಗಳ, ಶಾಲೆ ಆವರಣ, ಪ್ಲಾಟುಗಳಲ್ಲಿ ಈ ಯಂತ್ರಕ್ಕೆ ಕೆಲಸ ಹೆಚ್ಚು ಸಿಗಬಹುದು, ಏಕೆಂದರೆ ಜೆಸಿಬಿ ಅಲ್ಲಿ ಒಳಗೇ ಹೋಗದು. ಕೊಳ್ಳುವ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ಮತ್ತು ಹತ್ತಿರದ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಈ ಯಂತ್ರ ಬಾಡಿಗೆಗೆ ಇದೆಯೇ, ಸಹಾಯಧನದ ಪಟ್ಟಿಯಲ್ಲಿದೆಯೇ ಕೇಳಿ. ಬಾಡಿಗೆಗೆ ಸಿಕ್ಕರೆ ಮೊದಲು ಅದನ್ನೇ ತಂದು ಹತ್ತು ಬೊಡ್ಡಿ ಕೆತ್ತಿಸಿ, ಎಷ್ಟು ಹಲ್ಲು ಹೋಯಿತು ಎಣಿಸಿ. ನಿಮ್ಮ ಹೊಲದ ಲೆಕ್ಕ ಅದೇ ಹೇಳುತ್ತದೆ.

ಇನ್ನು ಹೊಂಡ. ಉಳಿದ ಚೂರನ್ನೇ ತುಂಬಿ ಮೇಲೆ ಮಣ್ಣು ಎಳೆಯುವುದು ಸುಲಭ, ಆದರೆ ಅದು ಗೆದ್ದಲಿಗೆ ಊಟ, ಕೊಳೆತಂತೆ ನೆಲ ಕುಸಿಯುತ್ತದೆ, ಕೊಳೆಯುವಾಗ ಮಣ್ಣಿನ ಸಾರಜನಕ ಎಳೆದುಕೊಂಡು ಅಲ್ಲಿನ ತೊಗರಿ ಹಳದಿಯಾಗಬಹುದು. ಚೂರನ್ನು ಬೇರೆ ತೆಗೆದು ನಿಂಬೆ, ಮಾವಿನ ಬುಡಕ್ಕೆ ಕಾಂಡದಿಂದ ಗೇಣು ದೂರ ಹೊದಿಕೆ ಮಾಡಿ. ತಿಪ್ಪೆಗೆ ಹಾಕುವುದಾದರೆ ಕ್ವಿಂಟಲಿಗೆ 2 ಕಿಲೊ ಯೂರಿಯಾ ಬೆರೆಸಿ ನೀರು ಹೊಡೆಯಿರಿ. ಹೊಂಡಕ್ಕೆ ಹೊಲದ ಮೇಲ್ಮಣ್ಣನ್ನೇ ಗೇಣು ಗೇಣು ಪದರವಾಗಿ ತುಳಿದು ತುಂಬಿ, ಸುತ್ತಲ ನೆಲಕ್ಕಿಂತ ಒಂದು ಗೇಣು ಎತ್ತರ ಬಿಡಿ. ಎರೆ ಮಣ್ಣು ಮೊದಲ ಎರಡು ಮಳೆಗೆ ಅಷ್ಟು ಇಳಿಯುತ್ತದೆ.